ವೀಳ್ಯದೆಲೆಯ ತುಪ್ಪ

ಮೈಯ ಕೊಬ್ಬು ಕರಗುವಾಗ, ಅದು ಯಾವ ಊಟದಿಂದ ಬಂದಿತ್ತೋ ಆ ಊಟದ ರುಚಿ ನಾಲಿಗೆಗೆ ಬರುವುದು ಎಲ್ಲರಿಗೂ ಇದ್ದದ್ದೇ. ಡಾಕ್ಟರ ಮಾತಿಗೆ ಕಟ್ಟುಬಿದ್ದು ಪಾರ್ಕು ಸುತ್ತುತ್ತಿದ್ದ ನೀಲಾಂಬಿಕೆಗೆ ತಿಂಗಳಿಡೀ ಮದುವೆಮನೆಗಳ ಲಾಡು, ಬೆಣ್ಣೆದೋಸೆಗಳೇ ಬಂದು ಸಾಕುಸಾಕಾಗಿತ್ತು. ಇಂದು ಕಾಲು ಸೋತ ಹೊತ್ತಿಗೆ, ವೀಳ್ಯದೆಲೆ ಹಾಕಿ ಕಾಯಿಸಿದ ತುಪ್ಪದ ರುಚಿ ಬಂತು. ಬಾಣಂತನದಲ್ಲಿ ಅವ್ವ ಉಣ್ಣಿಸಿದ ತುಪ್ಪ. ಅವ್ವ ಈಗಿಲ್ಲ, ಒಮ್ಮೆ ಕರಗಿಹೋದ ಕೊಬ್ಬಿನ ರುಚಿಯೂ ಮತ್ತೆ ಬರುವುದಿಲ್ಲ.

ಆಕೆ ಕಲ್ಲುಬೆಂಚಿನ ಮೇಲೆ ಕುಸಿದು ಕೂತಳು.

“ಎದ್ದೇಳು, ಇನ್ನೊಂದು ಸುತ್ತು ಐತಿ,” ಎಂದರು ಗಂಡ ಕೊಟ್ರೇಶಪ್ಪ.

“ಬರ್ತೀನಿ. ಮೊದ್ಲು ಆ ಅಂಗಡೀಲಿ ಒಂದು ತುಂಡು ಬೆಲ್ಲ ತಗಂಬರ್ರಿ.”

“ಡಾಕ್ಟ್ರು ಸಿಹಿ ಬ್ಯಾಡ ಅಂದಾರಲ್ಲೇ?”

“ಬೆಲ್ಲ ಇರೋತನ್ಕ ಮೈ ಅದನ್ನೇ ಉರಿಸ್ತತಿ,” ಎಂದಳು ಆಕೆ ದಣಿದ ದನಿಯಲ್ಲಿ. “ಅವ್ವನ್ನ ಮುಟ್ಟಲ್ಲ.”