ಸೋದರಮಾವನ ಕೆಲಸ

ಅಕ್ಕ ತನ್ನ ಮಗಳನ್ನು ತಮ್ಮ ಲೋಕೇಶನಿಗೇ ಕೊಡಬೇಕೆಂದು ಪಟ್ಟು ಹಿಡಿದು, ನಾಳೆಗೇ ನಿಶ್ಚಿತಾರ್ಥ ಇಟ್ಟಿದ್ದಳು. ತನ್ನ ಬಗೆಗಿನ ನಿಜ ಹೇಳಿಬಿಟ್ಟರೆ ಅಕ್ಕನ ಮನೆ ಬಾಗಿಲು ಅವನಿಗೆ ಶಾಶ್ವತವಾಗಿ ಮುಚ್ಚಿದಂತೆಯೇ. ಆದರೂ ಹುಡುಗಿಯನ್ನು ಹಿತ್ತಲಿಗೆ ಕರೆದ.

"ನಂಗೆ ಗಂಡಸರೇ ಇಷ್ಟ ಕಣೇ. ಕಾಯಿಲೆ ಅಲ್ಲ ಇದು. ವಿಕಾಸವಾದದಲ್ಲಿ ಒಂದು ಊಹೆನೂ ಇದೆ. ನನ್ನಂಥೋರು ಮಕ್ಕಳು ಮಾಡ್ಕೊಳ್ದಿದ್ರೂ ಅಕ್ಕತಂಗೀರ ಮಕ್ಕಳನ್ನ ಸಾಕ್ತಾರೆ, ಅದಕ್ಕೇ ಈ ಗುಣ ತಲೆಮಾರು ದಾಟುತ್ತೆ ಅಂತ."

"ಅಂದ್ರೆ ಮಾವ ಇರೋದು ಸಾಕೋಕೆ, ಕಟ್ಕೊಳ್ಳೋಕಲ್ಲ ಅಂತೀಯ."

"ಹೂಂ. ನಿಮ್ಮಮ್ಮಂಗೆ ಮಾತ್ರ ಹೇಳ್ಬೇಡ, ಕೈ ಮುಗೀತೀನಿ. ನೀನೇ ಒಲ್ಲೆ ಅಂದ್ಬಿಡು."

ಅವಳು ಬಾಗಿಲ ಕಡೆ ನೋಡಿದಳು.

"ನಿನ್ ವಿಷ್ಯ ಗೊತ್ತಿದ್ದೇ ಅಮ್ಮಂಗೆ ಮದ್ವೆಗೆ ನಿನ್ ಹೆಸರು ಹೇಳಿದ್ದು, ಮಾವ. ನಂಗೆ ಹುಡುಗೀರು ಇಷ್ಟ."