ಅಣ್ಣನ ವೃತ್ತ

"ಹಾಗಾದ್ರೆ ಈ ಶಾಖೆ ಮುಚ್ಚೋಣ," ಎಂದು ಕಬ್ಬಿಣದ ಕಂಪನಿಯ ಯಜಮಾನರು ನಕ್ಷೆಯ ಮೇಲೆ ಬೆರಳಿಟ್ಟಾಗ ಅವರ ಕಚೇರಿಯ ಗುಮಾಸ್ತೆ ಕೈವಾರ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

ಒಂದೊಂದು ಶಾಖೆಯ ಲಾರಿ ದಿನಕ್ಕೆ ಎಷ್ಟು ದೂರ ಸರಕು ಮುಟ್ಟಿಸಬಲ್ಲದೆಂದು ವೃತ್ತ ಎಳೆದವಳು ಅವಳೇ. ಅಕ್ಕಪಕ್ಕದ ಎರಡು ಶಾಖೆಗಳಲ್ಲಿ ಹೆಚ್ಚು ದೂರ ಮುಟ್ಟುವ ಒಂದೇ ಉಳಿಯಬೇಕಿತ್ತು. ಒಂದು ಅವಳ ಅಣ್ಣ ನೋಡಿಕೊಳ್ಳುವ ಶಾಖೆ. ಅದರ ವೃತ್ತಕ್ಕೆ ಮಾತ್ರ ಕೈವಾರದ ಕಾಲನ್ನು ಅಳತೆಗಿಂತ ಕೊಂಚ ಅಗಲಿಸಿದ್ದಳು.

ಯಜಮಾನರು ಬೆರಳಿಟ್ಟಿದ್ದ ಇನ್ನೊಂದು ಶಾಖೆಯ ಮ್ಯಾನೇಜರಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ಅಬ್ಬಾ, ನಿಮ್ಮಣ್ಣ ನನ್ನನ್ನ ಇಡಿಯಾಗಿ ನುಂಗಿಬಿಟ್ಟಿದಾನಲ್ಲೇ!" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಇರ್ಲಿ ಬಿಡಮ್ಮ. ಅಳೆದಿದ್ದು ನೀನು ತಾನೇ? ಸರಿಯಾಗೇ ಇರುತ್ತೆ," ಎಂದರು.

ಯಜಮಾನರು ಪೆನ್ನಿನ ಮುಚ್ಚಳ ತೆಗೆದರು.

"ಒಂದ್ನಿಮಿಷ ಸರ್, ಇನ್ನೊಂದ್ಸಲ ಅಳೀತೀನಿ." ಅವಳು ಕೈವಾರದ ಅಗಲವನ್ನು ಕಿರಿದು ಮಾಡಿ, ಅಣ್ಣನ ಊರಿನ ಮೇಲಿದ್ದ ಹಳೆಯ ತೂತಿಗೇ ಮುಳ್ಳು ಚುಚ್ಚಿದಳು.