ಹುಣ್ಣಿನ ಬಟ್ಟೆ

ಬೇವಿನ ಸೊಪ್ಪು ಕುದಿಯುವ ವಾಸನೆ ಬಂದರೆ ಈಗಲೂ ನನಗೆ ಕೊಪ್ಪದ ನಮ್ಮ ಹಿತ್ತಿಲು, ಸೋದರತ್ತೆಯ ಕಾಲು ನೆನಪಾಗುತ್ತವೆ. ನಾಲೆ ನೀರು ಬಂದ ಹೊಸತರಲ್ಲಿ ಕಡಿದ ಕಬ್ಬಿನ ಚೂಪು ಕೂಳೆ ಚುಚ್ಚಿ ಆದ ಹುಣ್ಣು ಸುಗ್ಗಿ ಕಳೆದರೂ ಮಾಯದೆ ಸೋರುತ್ತಿತ್ತು. ಮದ್ದು ಕಟ್ಟಿದ ಬಟ್ಟೆಯನ್ನು ಒಗೆಯಬಾರದೆಂದು ತಾತನ ಕಟ್ಟಪ್ಪಣೆ. ಅದು ಹಪ್ಪಳದಂತೆ ಸೆಟೆದು ನಾರುತ್ತಿತ್ತು. ಒಂದು ಮಧ್ಯಾಹ್ನ ಅತ್ತೆ ಅದನ್ನು ಬಿಚ್ಚಿ, ಬೇವಿನ ನೀರು ಮರಳುತ್ತಿದ್ದ ಮಡಕೆಗೆ ಹಾಕಿದಳು. ನಾನು ಒಲೆ ಊದುತ್ತಿದ್ದೆ.

"ಮದ್ದಿನ್ ಸಾರವೆಲ್ಲ ನೀರ್ಪಾಲಾಯ್ತದೆ, ತಗಿಯಮ್ಮಿ!" ತಾತ ಗುಡುಗಿದ.

"ಆಗ್ಲಿ ಬುಡಪ್ಪ. ನಿನ್ ಕಾಲ್ಗೆ ಉಣ್ಣಾದಾಗ ಒಗೀದೆ ಕಟ್ಕೊ," ಎಂದ ಅತ್ತೆ, ನನ್ನತ್ತ ತಿರುಗಿ, "ನೀನು ಊದಮ್ಮಿ," ಎಂದಳು.

ನಾನು ಊದಿದೆ. ಕುದಿಸಿದ ಬಟ್ಟೆಯನ್ನು ಅತ್ತೆ ಹಿಂಡಿ, ಬೀದಿಗೆ ಕಾಣುವ ಬೇಲಿಯ ಮೇಲೆ, ತಾತನ ಬಿಳಿ ರುಮಾಲಿನ ಪಕ್ಕದಲ್ಲೇ ಹರವಿದಳು.